ಬನ್ನಿ ನೆರಳಿಗೊಂದು ಬಳಸುದಾರಿ

ಬಿಳಿಚೋಡು ದಾಟಿ ಹೋದರೆ ಸಿಗುವ ಕುರಿಗಾರರ ಊರೊಂದರಿಂದ ಜಗಳೂರಿನ ನಮ್ಮ ಆಫೀಸಿಗೆ ಸುದ್ದಿ ಬಂತು: ಬಿಸಿಲ ಪಂಪು ನಿಂತಿದೆ. ದಸರಾ ಮುಗಿದು ವಾರವೂ ಆಗಿರಲಿಲ್ಲ. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಬಿಸಿಲು ನೆತ್ತಿ ಒಡೆಯುವಂತೆ ಬೀಳುತ್ತಿದೆ. ಇಷ್ಟು ಬಿಸಿಲಿದ್ದೂ ನಿಲ್ಲಲು ಅದಕ್ಕೇನು ಧಾಡಿ ಎಂದು ಬೈದುಕೊಳ್ಳುತ್ತಲೇ ಟೂಲ್ ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ಬಿಸಿಲಿನಿಂದ ಕರೆಂಟು ಬರುತ್ತದೆ ಎಂದರೆ ಜನ ನನ್ನ ಮುಖವನ್ನೇ ಒಂದು ಥರಾ ನೋಡುತ್ತಿದ್ದ ಕಾಲ. ಪಂಪು ಕೂರಿಸಿ ರಿಪೇರಿ ಮಾಡುವ ಮೆಕ್ಯಾನಿಕ್ ನಾನು. ಆ ಊರಿನ ಬಾವಿಯ ಪಕ್ಕ ಆ ವರ್ಷದ ಬೇಸಿಗೆಯಲ್ಲಿ ನಾವೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟು ಹಾಕಿ, ಎರಡು ಸಾಲಾಗಿ ಸೋಲಾರ್ ಪ್ಯಾನೆಲ್ ಕೂರಿಸಿದ್ದೆವು. ಸಾಲಿಗೆ ಐದು. ಒಂದೊಂದು ಪ್ಯಾನೆಲಿನ ಗಾಜಿನ ಕೆಳಗೂ ಕಡುನೀಲಿ ಬಣ್ಣದ ದುಂಡು ಬಿಲ್ಲೆಗಳು ಒತ್ತೊತ್ತಾಗಿದ್ದವು. ಕರೆಂಟು ಹುಟ್ಟುವುದು ಅವುಗಳಲ್ಲಿ. ಬ್ಯಾಟರಿ ಗೀಟರಿ ಏನೂ ಇಲ್ಲ. ಬಿಸಿಲು ಬಿದ್ದರೆ ಮೋಟಾರು ತಿರುಗಬೇಕು, ಬಿಸಿಲು ಹೋದರೆ ನಿಲ್ಲಬೇಕು.

ಬೆಳಗಿನ ನೀರು ಊರಿಗೆ, ಮಧ್ಯಾಹ್ನದ ನೀರು ಕೇರಿಗೆ. ಪಂಪು ಶುರುವಾದಾಗ ಊರ ಹಿರಿಯರು ಕೂತು ಮಾಡಿದ ಸರದಿ ಇದು. ಬೆಳಿಗ್ಗೆ ಏರಿದ ನೀರು ಊರಿನ ತೊಟ್ಟಿಗೆ ಬೀಳುತ್ತಿತ್ತು. ಊಟದ ಹೊತ್ತಿಗೆ ವಾಲ್ವ್ ತಿರುಗಿಸಿದರೆ ಅದೇ ನೀರು ಪೈಪಿನಲ್ಲಿ ಹರಿದು ಊರಾಚೆಯ ಕೇರಿಯ ನಲ್ಲಿಗೆ ಹೋಗುತ್ತಿತ್ತು. ಅದಕ್ಕೂ ಮುಂಚೆ ಕೇರಿಯವರು ಆ ಬಾವಿಗೆ ಹಗ್ಗ ಬಿಡುವಂತಿರಲಿಲ್ಲ. ಬಾವಿಯಿಂದ ಅಷ್ಟು ದೂರದಲ್ಲಿದ್ದ ಚಪ್ಪಡಿಯ ಹತ್ತಿರ ಕೊಡ ಇಟ್ಟುಕೊಂಡು ಕಾಯಬೇಕು, ಊರಿನ ಯಾರಾದರೂ ಮನಸ್ಸು ಮಾಡಿ ಸೇದಿ ಹಾಕಬೇಕು. ಮನಸ್ಸು ಬಾರದಿದ್ದರೆ ನಿಂತೇ ಇರಬೇಕು. ಕಾನೂನು ಬೇರೆಯೇ ಹೇಳುತ್ತಿತ್ತು, ಆದರೆ ಅದು ಆ ಬಾವಿ ಕಟ್ಟೆಯವರೆಗೆ ಬಂದಿರಲಿಲ್ಲ.

ನಾನು ಹೋದಾಗ ಆ ಚಪ್ಪಡಿಯ ಸುತ್ತ ಮತ್ತೆ ಕೊಡಗಳು ಕೂತಿದ್ದವು. ಕೇರಿಯ ಬಾಲವಾಡಿ ನೋಡಿಕೊಳ್ಳುತ್ತಿದ್ದ ಹೆಂಗಸು ಮುಂದೆ ನಿಂತಿದ್ದರು. ಪೈಪು ಹಾಕುವಾಗಿನಿಂದ ನನಗೆ ಗುರುತು, ಅಕ್ಕಾ ಎಂದೇ ಕರೆಯುತ್ತಿದ್ದೆ.

"ನಲ್ಲಿ ಒಣಗಿ ಹೋಗೈತೆ ಅಣ್ಣಾ. ಮತ್ತೆ ಇಲ್ಲಿಗೇ ಬಂದು ನಿಂತೀವಿ ನೋಡ್ರಿ," ಎಂದರು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದರು. ನಾನು ನೇರ ಪ್ಯಾನೆಲಿನ ಕಡೆ ನಡೆದೆ.

ಪ್ಯಾನೆಲ್ ನೋಡಿದ ಮೇಲೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತಕ್ಕೂ ಆಯುಧಪೂಜೆ ಆಗಿತ್ತು! ಒಂದೊಂದರಲ್ಲೂ ನಡುವಿನ ಒಂದು ಬಿಲ್ಲೆ ಆರಿಸಿ, ಅಂಚು ಮೀರದಂತೆ ದುಂಡಗೆ ಸುಣ್ಣ ಬಳಿದು, ಅದರ ಮೇಲೆ ಕುಂಕುಮ ಇಟ್ಟಿದ್ದರು. ಚೌಕಟ್ಟಿನ ಕಾಲಿಗೆ ಬಾಳೆಕಂದು, ಮೋಟಾರಿನ ಮುಂದೆ ಒಡೆದ ಕುಂಬಳಕಾಯಿ.

"ಯಾರ್ರೀ ಇದು ಮಾಡಿದ್ದು?"

"ನಾನೇ ರೀ," ಎಂದರು ಪಂಪು ನೋಡಿಕೊಳ್ಳುತ್ತಿದ್ದ ಯಜಮಾನರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕಂಬಳಿ, ಮುಖದಲ್ಲಿ ಹೆಮ್ಮೆ. "ನೇಗಿಲಿಗೆ ಮಾಡ್ತೀವಿ, ಟ್ರ್ಯಾಕ್ಟರಿಗೆ ಮಾಡ್ತೀವಿ. ದಿನಾ ನೀರು ಕೊಡೋ ತಾಯಿಗೆ ಬ್ಯಾಡೇನು? ನೀವೇ ಬೊಟ್ಟು ಇಡಾಕೆ ಅಂತ ಗುಂಡಗೆ ಜಾಗ ಮಾಡಿ ಕೊಟ್ಟೀರಲ್ಲ!"

ನಗು ತಡೆಯಲಾಗಲಿಲ್ಲ. "ಯಜಮಾನ್ರೇ, ನಿಮ್ಮ ತಾಯಿ ಕಣ್ಣಿಗೇ ಸುಣ್ಣ ಬಿದ್ದೈತೆ, ಹೆಂಗೆ ನೀರು ಕೊಡ್ತಾಳೆ?" ಎಂದೆ.

"ಇಷ್ಟೊಂದರಾಗೆ ಒಂದಕ್ಕೇ ಹಚ್ಚೀನಿ. ಒಂದು ಕುಂತ್ರೆ ಉಳಿದವು ದುಡೀಬಾರ್ದಾ?"

ಪ್ರಶ್ನೆ ಸರಿಯಾಗೇ ಇತ್ತು. ಟಾರ್ಚಿನೊಳಗೆ ಸೆಲ್ಲು ಒಂದರ ಹಿಂದೆ ಒಂದು ಕೂರುವ ಹಾಗೆ ಇಲ್ಲಿ ಬಿಲ್ಲೆಗಳು ಒಂದರ ಬಾಲ ಹಿಡಿದು ಇನ್ನೊಂದು ಕೂತಿವೆ, ಪ್ಯಾನೆಲ್ಲುಗಳೂ ಹಾಗೇ. ಇಡೀ ಸಾಲಿನ ಕರೆಂಟು ಪ್ರತಿಯೊಂದು ಬಿಲ್ಲೆಯನ್ನೂ ಹಾದು ಹೋಗಬೇಕು. ಒಂದಕ್ಕೆ ಬೆಳಕು ತಪ್ಪಿದರೆ ಅದು ಬಿಟ್ಟಷ್ಟೇ ಕರೆಂಟು ಎಲ್ಲರ ಪಾಲಿಗೆ. ಯಜಮಾನರಿಗೆ ಹೀಗೆ ವಿವರಿಸಿದೆ. ಅವರು ಗಡ್ಡ ಕೆರೆದುಕೊಂಡು ಹುಣಸೆಹಣ್ಣು ತರಿಸಿದರು.

ಹುಣಸೆ ನೀರಿಗೆ ಸುಣ್ಣ ಬಿಟ್ಟಿತು. ಒಂದು ಸಾಲಿನ ನಾಲ್ಕು ಪ್ಯಾನೆಲ್ ತೊಳೆದರೂ ಮೋಟಾರು ಜಪ್ಪಯ್ಯ ಅನ್ನಲಿಲ್ಲ. ಐದನೆಯದರ ಬೊಟ್ಟು ಅಳಿಸಿದ್ದೇ ತಡ, ಗುರ್ ಅಂದಿತು! ಎರಡನೇ ಸಾಲೂ ಮುಗಿದಾಗ ನೀರು ತೊಟ್ಟಿಗೆ ಧುಮುಕಿತು. ಯಜಮಾನರು ಕೈಮುಗಿದರು, ನಾನು ಒದ್ದೆ ಗೋಣಿಯನ್ನು ಗಾಳಿಯಲ್ಲಿ ಬೀಸಿ ಕೂಗಿದೆ. ಒಂದೇ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತಿತ್ತು. ಸುಣ್ಣ ಎಲ್ಲಕ್ಕಿಂತ ದಪ್ಪ ಬಿದ್ದಿದ್ದ ಬಿಲ್ಲೆ ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಬೆನ್ನಿಗೆ ಸುಟ್ಟ ಗುಳ್ಳೆ ಎದ್ದಿತ್ತು. ಬಿಸಿಲೇ ತಾಗದ ಬಿಲ್ಲೆ ತಂಪಾಗಿರಬೇಕಿತ್ತಲ್ಲ, ಸುಟ್ಟದ್ದು ಹೇಗೆ?

ಉತ್ತರ ಮಧ್ಯಾಹ್ನವೇ ಸಿಕ್ಕಿತು. ಊಟದ ಹೊತ್ತಿಗೆ ವಾಲ್ವ್ ತಿರುಗಿಸಿದೆವು, ಕೇರಿಯ ಹೆಂಗಸರು ಕೊಡ ಎತ್ತಿಕೊಂಡು ನಲ್ಲಿಯ ಕಡೆ ನಡೆದರು. ಅವರು ಕೇರಿ ಮುಟ್ಟಿದ್ದರೋ ಇಲ್ಲವೋ, ಮೋಟಾರಿನ ದನಿ ಕುಗ್ಗಿತು. ಮುಲುಗಿತು. ನಿಂತೇಬಿಟ್ಟಿತು. ಬಿಸಿಲು ಮಾತ್ರ ಹಾಗೇ ಇತ್ತು.

ಚೌಕಟ್ಟಿನ ಸುತ್ತ ಓಡಿ ನೋಡಿದೆ. ನೈಋತ್ಯದಲ್ಲಿ ಹಳೆಯದೊಂದು ಬನ್ನಿ ಮರ. ಅದರ ದಪ್ಪ ಕೊಂಬೆಯ ನೆರಳು ಎರಡೂ ಸಾಲಿನ ಪಡುವಣ ತುದಿಯ ಪ್ಯಾನೆಲ್ ಮೇಲೆ ಅಡ್ಡ ಬಿದ್ದಿತ್ತು. ಬೇಸಿಗೆಯಲ್ಲಿ ನಾವು ಜಾಗ ಗುರುತು ಮಾಡಿದಾಗ ಸೂರ್ಯ ನೆತ್ತಿಯ ಮೇಲಿದ್ದ, ಮರದ ನೆರಳು ಬುಡದಲ್ಲೇ ಮುದುಡಿ ಕೂತಿತ್ತು. ಈಗ ಸೂರ್ಯ ತೆಂಕಣಕ್ಕೆ ವಾಲಿದ್ದಾನೆ, ನೆರಳು ಉದ್ದವಾಗಿದೆ. ಸಂಕ್ರಾಂತಿಯ ತನಕ ಇನ್ನೂ ಉದ್ದವಾಗುತ್ತದೆ. ಬೊಟ್ಟನ್ನೇನೋ ತೊಳೆದೆ, ನೆರಳನ್ನು ತೊಳೆಯುವುದು ಹೇಗೆ?

ಮೀಟರು ತೆಗೆದು ಒಂದೊಂದೇ ಪ್ಯಾನೆಲಿನ ಬೆನ್ನಿಗೆ ಹಿಡಿದೆ. ಮೋಟಾರಿನ ತಂತಿ ಬಿಚ್ಚದೆ, ಅದು ನಿಂತಂತೆಯೇ. ಮೊದಲನೆಯದು ಸರಿ. ಎರಡು, ಮೂರು, ನಾಲ್ಕೂ ಸರಿ. ನೆರಳಲ್ಲಿದ್ದ ಐದನೆಯದಕ್ಕೆ ಹಿಡಿದಾಗ ಮುಳ್ಳು ಸೊನ್ನೆಯಿಂದ ಎಡಕ್ಕೆ, ಉಲ್ಟಾ ಹೊಡೆಯಿತು! ತಂತಿ ಅದಲುಬದಲಾಯಿತೇನೋ ಎಂದು ಮತ್ತೆ ನೋಡಿದೆ. ಇಲ್ಲ. ಪ್ಲಸ್ಸು ಇರಬೇಕಾದಲ್ಲಿ ಮೈನಸ್ಸು. ಮೈ ಜುಂ ಎಂದಿತು. ನೆರಳಿನ ಪ್ಯಾನೆಲು ಕೊಡದೆ ಸುಮ್ಮನಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಉಳಿದ ನಾಲ್ಕರ ದುಡಿಮೆಯನ್ನು ತಿನ್ನುತ್ತಿತ್ತು. ತಿಂದದ್ದೆಲ್ಲ ಆ ಕತ್ತಲ ಬಿಲ್ಲೆಯಲ್ಲಿ ಬೆಂಕಿಯಾಗುತ್ತಿತ್ತು. ಸುಣ್ಣದ ಕೆಳಗಿನ ಬಿಲ್ಲೆ ಸುಟ್ಟದ್ದು ಹಾಗೆ. ನೆರಳಲ್ಲೂ ಇದನ್ನು ಹೀಗೇ ಬಿಟ್ಟರೆ ಒಂದೊಂದಾಗಿ ಎಲ್ಲವೂ ಸುಡುತ್ತವೆ. ಅಂಥ ಕೆಟ್ಟ ಸುದ್ದಿ ತಿಳಿದು ಅಷ್ಟು ಖುಷಿಪಟ್ಟವನು ಜಗಳೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಾರನೇ ದಿನ ನಮ್ಮ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ನ್ಯಾಮತಿ ಕಡೆಯವರು, ಕೆಟ್ಟವರಲ್ಲ, ಆದರೆ ತಲೆನೋವು ಹತ್ತಿರ ಬಿಟ್ಟುಕೊಳ್ಳುವವರಲ್ಲ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಬೆಳಿಗ್ಗೆ ಓಡ್ತದಲ್ಲ? ಊರಿಗೆ ಅಷ್ಟು ಸಾಕು. ಮಧ್ಯಾಹ್ನ ಆಫ್ ಮಾಡಿಬಿಡು, ಪ್ಯಾನೆಲ್ಲೂ ಸುಡಲ್ಲ. ಹೊನ್ನಾಳಿಯಲ್ಲಿ ಪೈಪಿಲ್ಲದೆ ಕೆಲಸ ನಿಂತಿದೆ. ಕೇರಿ ಲೈನು ಹೇಗೂ ಖಾಲಿ, ಅದನ್ನ ಅಗೆಸಿ ಕಳಿಸ್ತೀನಿ," ಎಂದರು.

ಕೇರಿ ಲೈನು ಅಗೆಯುವುದು! ಅಷ್ಟು ಸಲೀಸಾಗಿ!

"ಸಾರ್, ಬೆಳಗಿನ ನೀರಲ್ಲೇ ಕೇರಿಗೂ ಪಾಲು ಕೊಡಬಹುದಲ್ಲ?" ಎಂದು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡಿದರು. "ಸರದಿ ಅಂದ್ರೆ ಸರದಿ ರೀ. ನಾನೊಬ್ಬ ಮುರಿಯಾಕೆ ಆಗ್ತೈತಾ?" ಎಂದರು.

"ಹಾಗಾದ್ರೆ ಆ ಕೊಂಬೆ ಕಡೀರಿ," ಎಂದರು ಸಾಹೇಬರು.

"ಅಯ್ಯೋ, ಬನ್ನಿ ಮರ ಸಾಹೇಬ್ರೇ! ಮೊನ್ನೆ ತಾನೆ ಪೂಜೆ ಮಾಡಿ ಎಲೆ ಹಂಚ್ಕೊಂಡೀವಿ. ಕೊಡಲಿ ಹಾಕಾಕೆ ಯಾರ ಕೈಯೂ ಏಳಲ್ಲ."

ಚೌಕಟ್ಟು ಕೀಳಲು ಕಾಂಕ್ರೀಟು ಒಡೆಯಬೇಕು, ಅದಕ್ಕೆ ಮೇಲಿನಿಂದ ಆರ್ಡರು ಬರಬೇಕು. ಅದು ಬರುವಷ್ಟರಲ್ಲಿ ಪೈಪು ಹೊನ್ನಾಳಿಯಲ್ಲಿರುತ್ತದೆ. ಕೇರಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಕೇರಿಯವರೆಲ್ಲ ಬಂದು ಗಟ್ಟಿಯಾಗಿ ಕೇಳಿದರೆ ಕೊಂಬೆ ಕಡಿಯಲು ಒಪ್ಪಿಯಾರು ಎಂಬ ಆಸೆ ನನ್ನದು. ಅಕ್ಕ ತಲೆಯಾಡಿಸಿದರು.

"ಬ್ಯಾಡ ಅಣ್ಣಾ. ಕಡಿಯೋದು ಯಾರೇ ಕಡೀಲಿ, ಹೆಸರು ನಮ್ಮ ಮ್ಯಾಲೆ ಬರ್ತೈತೆ. ಊರಾಗೆ ಒಂದು ಕುರಿ ಸತ್ರೂ ಕೇರಿಯೋರು ಬನ್ನಿ ಕಡಿಸಿದ್ರು ಅಂತಾರೆ. ನಾವು ಅದೇ ಬಾವಿ ಹತ್ರ ಮತ್ತೆ ಹೋಗಿ ನಿಲ್ಲಬೇಕು."

ಅವರ ಅಂಗಳದಲ್ಲಿ ಕೂತೇ ದಾರಿ ಹೊಳೆಯಿತು. ಹೊಳೆಯಿತು ಎಂದರೆ ಆಕಾಶದಿಂದ ಬೀಳಲಿಲ್ಲ, ಅದು ಪಂಪಿನ ಸ್ವಿಚ್ ಪೆಟ್ಟಿಗೆಯಲ್ಲೇ ಇತ್ತು. ಒಂದೊಂದು ಸಾಲಿನ ತಲೆಗೆ ಒಂದೊಂದು ಡಯೋಡು ಕಂಪನಿಯವರೇ ಹಾಕಿದ್ದರು. ಡಯೋಡು ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ಚೆನ್ನಾಗಿ ದುಡಿಯುವ ಸಾಲಿನ ಕರೆಂಟು ಸೊರಗಿದ ಸಾಲಿಗೆ ಹಿಂದಿನಿಂದ ನುಗ್ಗದಂತೆ ಅವು ತಡೆಯುತ್ತಿದ್ದವು. ಸಾಲಿಗೆ ಕಾವಲು ಉಂಟು, ಸಾಲಿನೊಳಗೆ ಒಂದೊಂದು ಪ್ಯಾನೆಲಿಗೆ ಇಲ್ಲ. ಪ್ರತಿ ಪ್ಯಾನೆಲಿನ ಮೈನಸ್ಸಿನಿಂದ ಪ್ಲಸ್ಸಿಗೆ ಒಂದು ಡಯೋಡು ಅಡ್ಡ ಕಟ್ಟಿದರೆ?

"ಏನದು ಡಯೋಡು?" ಎಂದರು ಅಕ್ಕ.

"ಪಂಪಿನ ಫುಟ್‌ವಾಲ್ವ್ ನೋಡೀರಲ್ಲ, ನೀರು ಮೇಲಕ್ಕೆ ಬಿಡ್ತೈತೆ, ಕೆಳಕ್ಕೆ ಬಿಡಲ್ಲ. ಇದು ಕರೆಂಟಿನ ಫುಟ್‌ವಾಲ್ವ್. ಪ್ಯಾನೆಲ್ ಬಿಸಿಲಾಗಿದ್ರೆ ಇದು ಬಾಗ್ಲು ಹಾಕ್ಕೊಂಡು ಸುಮ್ಕೆ ಕೂರ್ತೈತೆ. ನೆರಳು ಬಿದ್ದು ಪ್ಯಾನೆಲ್ ಅಡ್ಡ ಮಲಗಿದ್ರೆ ತಾನೇ ಬಾಗ್ಲು ತೆಗೀತೈತೆ. ಉಳಿದವುಗಳ ಕರೆಂಟು ಈ ಸುತ್ತುದಾರೀಲಿ ಮುಂದಕ್ಕೆ ಹೋಗ್ತೈತೆ."

"ಓಣಿಯಾಗೆ ಗಾಡಿ ಮುರಿದು ನಿಂತ್ರೆ ಹೊಲ ಬಳಸಿ ಹೋಗ್ತೀವಲ್ಲ, ಹಂಗೆ?"

"ಹಂಗೇ ಅಕ್ಕಾ! ಐದರ ದುಡಿಮೆ ಇರಲ್ಲ, ನಾಲ್ಕರ ದುಡಿಮೆ ಇರ್ತೈತೆ. ಮೋಟಾರು ನಿಧಾನಕ್ಕೆ ತಿರುಗ್ತೈತೆ, ಆದ್ರೆ ನಿಲ್ಲಲ್ಲ."

ಸಾಹೇಬರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ಯಾನೆಲ್ ಬೆನ್ನಿನ ಡಬ್ಬಿಗೆ ಕಂಪನಿ ಸೀಲಿದೆ. ಒಡೆದ ಮೇಲೆ ಏನಾದ್ರೂ ಸುಟ್ರೆ ಕಂಪನಿ ಕೈ ತೊಳ್ಕೊಳ್ತದೆ, ನಿನ್ನ ಕೆಲಸಕ್ಕೂ ಕುತ್ತು. ನಾನು ಒಡಿ ಅಂತ ಹೇಳಲ್ಲ. ನಾಡಿದ್ದು ಪೈಪು ಅಗೆಯೋಕೆ ಆಳು ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಮಧ್ಯಾಹ್ನ ಓಡಿದ್ರೆ ಆಗ ನೋಡೋಣ," ಎಂದು ಜೀಪು ಹತ್ತಿದರು.

ಜೀಪಿನ ಧೂಳು ಇಳಿಯುವ ಮುಂಚೆಯೇ ಮನಸ್ಸು ಗಟ್ಟಿ ಮಾಡಿದೆ. ಸೀಲು ಒಡೆಯದಿದ್ದರೂ ಬಿಲ್ಲೆಗಳು ಸುಡುತ್ತವೆ, ಮಧ್ಯಾಹ್ನ ಆಫ್ ಮಾಡಿದರೆ ಕೇರಿ ಒಣಗುತ್ತದೆ. ಒಡೆಯುವುದೇ ಸೈ.

ಜಗಳೂರಿನ ಬಸ್ ಸ್ಟ್ಯಾಂಡ್ ಹತ್ತಿರ ಲಾರಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇತ್ತು. ಹಳೇ ಚಾರ್ಜರುಗಳ ಒಳಗೆ ಬೋಲ್ಟಿನ ಆಕಾರದ ದಪ್ಪ ಡಯೋಡುಗಳಿರುತ್ತವೆ ಎಂದು ನನಗೆ ಗೊತ್ತಿತ್ತು. ಅಂಗಡಿಯ ಭಾಯಿ ನನ್ನನ್ನು ನೋಡಿ, "ಏನು ಮಿಸ್ತ್ರಿ, ಹತ್ತು ಡಯೋಡಾ? ಆಕಾಶವಾಣಿ ಹಾಕ್ತೀರೇನು?" ಎಂದು ಛೇಡಿಸಿದರು.

"ಮರದ ನೆರಳಿಗೆ ಕಟ್ಟಾಕೆ ಬೇಕು ಭಾಯಿ."

"ನೆರಳಿಗೆ ಡಯೋಡಾ! ಯಾ ಅಲ್ಲಾ, ಬಿಸಿಲಾಗೆ ಸುತ್ತಿ ಸುತ್ತಿ ತಲೆ ಕೆಟ್ಟೈತೆ ನಿಮ್ದು. ಮೊದ್ಲು ಚಾ ಕುಡೀರಿ," ಎನ್ನುತ್ತಲೇ ಕೆಟ್ಟ ಚಾರ್ಜರುಗಳ ರಾಶಿಯನ್ನೇ ನನ್ನ ಮುಂದೆ ಸುರಿದರು. ಬಲ್ಬು, ಬ್ಯಾಟರಿ ಇಟ್ಟುಕೊಂಡು ಪರೀಕ್ಷಿಸಿದೆ. ಒಂದು ಕಡೆ ಹಿಡಿದರೆ ಬಲ್ಬು ಹತ್ತಬೇಕು, ತಿರುಗಿಸಿ ಹಿಡಿದರೆ ಹತ್ತಬಾರದು. ಜೀವ ಇದ್ದವನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

ಸಾಹೇಬರು ಬರಬೇಕಾದ ದಿನ ಬೆಳಿಗ್ಗೆಯೇ ಕೆಲಸ ಹಿಡಿದೆ. ನಾನು ಕೈ ಹಾಕಿದ ಪ್ಯಾನೆಲಿನಲ್ಲಿ ಕರೆಂಟು ಹುಟ್ಟದಿರಲೆಂದು ಯಜಮಾನರು ತಮ್ಮ ಕಂಬಳಿಯನ್ನೇ ಹೊದಿಸಿದರು. ಸೀಲು ಒಡೆದೆ. ಡಬ್ಬಿಯೊಳಗೆ ಜಾಗ ಸಾಲದು, ಹಾಗಾಗಿ ಚೌಕಟ್ಟಿನ ಹಿಂದೆ ಮರದ ಪಟ್ಟಿ ಕಟ್ಟಿ, ಅದರ ಮೇಲೆ ಡಯೋಡುಗಳನ್ನು ಒಂದಕ್ಕೊಂದು ತಾಗದಂತೆ ಕೂರಿಸಿ, ಪ್ರತಿಯೊಂದರಿಂದ ಎರಡು ತಂತಿ ಡಬ್ಬಿಯೊಳಕ್ಕೆ ಎಳೆದೆ. ಬೋಲ್ಟಿನ ಕಡೆ ಪ್ಲಸ್ಸಿಗೆ, ತುದಿಯ ಕಡೆ ಮೈನಸ್ಸಿಗೆ. ಮಳೆ ತಾಗದಂತೆ ತಗಡು. ಕಂಬಳಿ ಸರಿಸಿ ಸ್ವಿಚ್ ಒತ್ತಿದೆ.

ಮೋಟಾರು ಕುಂಟಿತು. ನೆರಳೇ ಇಲ್ಲದ ಬೆಳಗಿನ ಬಿಸಿಲಿನಲ್ಲಿ, ಮುಂಚಿಗಿಂತಲೂ ನಿಧಾನ!

"ಇದ್ದದ್ದೂ ಹೋಯ್ತಲ್ರೀ," ಎಂದರು ಯಜಮಾನರು. ಪಟ್ಟಿಯ ಮೇಲೆ ಕೈ ಆಡಿಸಿದರೆ ಏಳು ಡಯೋಡು ತಣ್ಣಗಿವೆ, ಮೂರು ಮುಟ್ಟಲಾಗದಷ್ಟು ಕಾದಿವೆ. ಬಿಸಿಲಲ್ಲಿ ಬಾಗಿಲು ಹಾಕಿಕೊಂಡಿರಬೇಕಾದವು ಬಾಗಿಲು ತೆರೆದು ಕೂತಿದ್ದವು, ತಮ್ಮ ಪ್ಯಾನೆಲಿನ ಕರೆಂಟನ್ನೆಲ್ಲ ತಾವೇ ಸುತ್ತಿಸಿ ನುಂಗುತ್ತಿದ್ದವು. ಕೂಡಲೇ ಅರ್ಥವಾಯಿತು. ಚಾರ್ಜರಿಗೆ ಎರಡು ಬಗೆಯ ಡಯೋಡು ಹಾಕುತ್ತಾರೆ: ಕೆಲವಕ್ಕೆ ಬೋಲ್ಟಿನ ಕಡೆಯಿಂದ ಕರೆಂಟು ಹೊರಬರುತ್ತದೆ, ಕೆಲವಕ್ಕೆ ಒಳಹೋಗುತ್ತದೆ. ನೋಡಲು ಅವಳಿ ಜವಳಿ. ಮೈಮೇಲಿನ ಬಾಣದ ಗುರುತು ಅಂಗಡಿಯ ಆಸಿಡ್ಡಿಗೆ ಅಳಿಸಿ ಹೋಗಿತ್ತು. ಅಂಗಡಿಯಲ್ಲಿ ಜೀವ ಇದೆಯೇ ಎಂದು ನೋಡಿದ್ದೆ, ಮುಖ ಯಾವ ಕಡೆ ಎಂದು ನೋಡಿರಲಿಲ್ಲ.

ಮತ್ತೆ ಕಂಬಳಿ, ಮತ್ತೆ ಸ್ಕ್ರೂಡ್ರೈವರು. ಮೂರರ ತಂತಿ ಅದಲುಬದಲು ಮಾಡುವಷ್ಟರಲ್ಲಿ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸ್ವಿಚ್ ಒತ್ತಿದೆ. ಮೋಟಾರು ತನ್ನ ಹಳೇ ದನಿಯಲ್ಲಿ ಹಾಡಿತು, ಹತ್ತೂ ಡಯೋಡು ತಣ್ಣಗೆ ಕೂತವು. ಯಜಮಾನರ ಬೆನ್ನಿಗೆ ಗುದ್ದಿಬಿಟ್ಟೆ. ಅವರೂ ತಿರುಗಿ ಗುದ್ದಿದರು.

ಊಟದ ಹೊತ್ತಿಗೆ ಜೀಪು ಬಂತು. ಹಿಂದೆ ಗುದ್ದಲಿ ಹಿಡಿದ ಆಳುಗಳು. ಸಾಹೇಬರು ಒಡೆದ ಸೀಲುಗಳನ್ನು ನೋಡಿದರು, ನನ್ನ ಮುಖ ನೋಡಿದರು, ಮೋಟಾರಿನ ಪಕ್ಕ ಹೋಗಿ ನಿಂತರು. ಯಜಮಾನರು ಕೇರಿಯ ಕಡೆಗೆ ವಾಲ್ವ್ ತಿರುಗಿಸಿದರು. ಬನ್ನಿಯ ನೆರಳು ನೆಲದ ಮೇಲೆ ತೆವಳಿ, ಚೌಕಟ್ಟಿನ ಕಾಲು ಹತ್ತಿ, ಪಡುವಣ ತುದಿಯ ಪ್ಯಾನೆಲಿನ ಅಂಚಿಗೆ ಬಂತು. ಮೊದಲ ಬಿಲ್ಲೆ ಮುಚ್ಚಿತು. ಎರಡನೆಯದೂ ಮುಚ್ಚಿತು.

ಮೋಟಾರಿನ ದನಿ ಇಳಿಯಿತು. ಇನ್ನೊಂದಿಷ್ಟು ಇಳಿಯಿತು, ಆಮೇಲೆ ಅಲ್ಲೇ ಹಿಡಿದುಕೊಂಡಿತು! ಬೆಳಗಿನಷ್ಟು ಜೋರಿಲ್ಲ, ಆದರೆ ಒಂದೇ ಸಮ, ನಿಲ್ಲದೆ, ತಿರುಗುತ್ತಲೇ ಇತ್ತು. ಪಟ್ಟಿ ಮುಟ್ಟಿ ನೋಡಿದೆ: ನೆರಳಿನ ಎರಡು ಪ್ಯಾನೆಲಿನ ಡಯೋಡು ಮಾತ್ರ ಬೆಚ್ಚಗಿವೆ. ಮೀಟರು ಹಿಡಿದೆ: ಅಂದು ಎಡಕ್ಕೆ ಹಾರಿದ್ದ ಮುಳ್ಳು ಇಂದು ಸೊನ್ನೆಯ ಕೆಳಗೆ ಕೂದಲೆಳೆಯಷ್ಟು ಸರಿದು ನಿಂತಿತು. ತಿನ್ನುವುದು ನಿಂತಿತ್ತು, ಬಿಲ್ಲೆ ಉಳಿದಿತ್ತು.

"ಸಾರ್, ನೋಡಿ ಸಾರ್! ನೀವೇ ಮುಟ್ಟಿ ನೋಡಿ!" ಎಂದು ಕಿರುಚಿದೆನಂತೆ. ಆಮೇಲೆ ಯಜಮಾನರು ಅದನ್ನು ಊರೆಲ್ಲ ಅಣಕಿಸಿ ತೋರಿಸಿದರು.

ಸಾಹೇಬರು ಪೈಪಿನ ಜಾಡು ಹಿಡಿದು ಕೇರಿಗೆ ನಡೆದರು. ನಲ್ಲಿಯ ಕೆಳಗೆ ಅಕ್ಕನ ಕೊಡವಿತ್ತು, ಬೆರಳು ಗಾತ್ರದ ನೀರು ಒಂದೇ ಸಮ ಬೀಳುತ್ತಿತ್ತು. ಸಾಹೇಬರು ಅದನ್ನು ನೋಡಿ, "ನೀರು ಕಮ್ಮಿ ಬರ್ತದೆ. ತುಂಬೋಕೆ ಬಹಳ ಹೊತ್ತು ಕಾಯಬೇಕು ನೀವು," ಎಂದರು.

"ಕಾಯೋದು ನಮಗೆ ಹೊಸದಲ್ಲ ಸಾಹೇಬ್ರೇ," ಎಂದರು ಅಕ್ಕ. "ಇಲ್ಲಿ ಆದ್ರೆ ನಮ್ಮ ಮನೆ ಮುಂದೆ ಕಾಯ್ತೀವಿ. ಯಾರ ಮುಖಾನೂ ನೋಡೋದು ಬ್ಯಾಡ."

ಸಾಹೇಬರು ಹಿಂದೆ ಬಂದಿದ್ದ ಆಳುಗಳ ಕಡೆ ತಿರುಗಿ, "ಗುದ್ದಲಿ ಜೀಪಿಗೆ ಹಾಕ್ರಪ್ಪ. ಹೊನ್ನಾಳಿಗೆ ಪೈಪು ಬೇರೆ ಕಡೆ ನೋಡ್ತೀನಿ," ಎಂದರು. ನನಗೆ ಕುಣಿದುಬಿಡೋಣ ಅನ್ನಿಸಿತು.

ಅಂದು ಅಲ್ಲೇ ಉಳಿದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಡಯೋಡಿನ ತಂತಿಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದಾಗ ಊರಿನ ಹೆಂಗಸೊಬ್ಬಳು ನೀರಿಗೆ ಬಂದಳು. ಬಾವಿಗೆ ಹಗ್ಗ ಬಿಟ್ಟು, ಅಭ್ಯಾಸಬಲದಿಂದ ಚಪ್ಪಡಿಯ ಕಡೆ ನೋಡಿದಳು. ಅಲ್ಲಿ ಒಂದು ಕೊಡವೂ ಇರಲಿಲ್ಲ.

"ಕೇರಿಯೋರು ಯಾರೂ ಬಂದಿಲ್ಲೇನ್ರೀ ಇವತ್ತು?"

"ಇಲ್ಲಮ್ಮ. ಇನ್ಮ್ಯಾಲೆ ಬರಲ್ಲ."

ಅವಳು ಹಗ್ಗ ಹಿಡಿದಂತೆಯೇ ಆ ಖಾಲಿ ಚಪ್ಪಡಿಯನ್ನು ಒಂದು ಗಳಿಗೆ ನೋಡಿದಳು.

"ಒಳ್ಳೇದಾತು ಬಿಡ್ರಿ," ಎಂದಳು. "ಅವರು ಅಷ್ಟು ದೂರ ನಿಂತು ನೋಡ್ತಿದ್ರೆ, ನನಗೂ ತಲೆ ಎತ್ತಿ ನೀರು ಸೇದಾಕೆ ಆಗ್ತಿರಲಿಲ್ಲ."